ಖಾಲಿ ಗೆರೆ ಕಂಡರೆ ಸಹಿ

ಇದನ್ನು ಬರೆಯುತ್ತಿರುವುದು ನಂಬರ್ ಪ್ಲೇಟ್ ಆಫೀಸಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಫೋನಿನಲ್ಲಿ. ನನ್ನ ಕೈಲಿರುವ ಚೀಟಿಯ ನಂಬರು 74. ಗೋಡೆಯ ಮೇಲಿನ ಪರದೆ 51ಕ್ಕೆ ಬಂದು ನಿಂತಿದ್ದು ಮುಂದಕ್ಕೆ ಹೋಗುವ ಲಕ್ಷಣವಿಲ್ಲ. ನಮ್ಮವರು ಹೊರಗೆ ಕಾರಿನಲ್ಲಿದ್ದಾರೆ. ಒಳಗೆ ಬಂದರೆ ನಗು ತಡೆಯೋಕಾಗಲ್ಲ ಅಂತ ಅವರಿಗೆ ಗೊತ್ತು. ನಕ್ಕರೆ ರಾತ್ರಿ ಊಟ ಎಲ್ಲಿ ಅನ್ನೋದೂ ಗೊತ್ತು.

ನಾನು ಯಾಕೆ ಇಲ್ಲಿ ಕೂತಿದ್ದೇನೆ ಅನ್ನೋದನ್ನ ಕೊನೆಗೆ ಹೇಳ್ತೀನಿ. ಈಗಲೇ ಹೇಳಿದರೆ ಮಿಕ್ಕದ್ದನ್ನು ನೀವು ಓದಲ್ಲ.

ನಾರ್ತ್ ಕ್ಯಾರೊಲೈನಾಗೆ ಹೊಸದಾಗಿ ಬಂದವರಿಗೆ ಮೊದಲು ಒಂದು ಮಾತು. ಇಲ್ಲಿ ಡಿಎಂವಿ, ಅಂದರೆ ನಮ್ಮ ಆರ್‌ಟಿಒ ಇದ್ದ ಹಾಗೆ, ಒಂದಲ್ಲ, ಎರಡು. ಡ್ರೈವಿಂಗ್ ಲೈಸೆನ್ಸ್ ಕೊಡುವ ಆಫೀಸು ಬೇರೆ, ನಂಬರ್ ಪ್ಲೇಟು ಮತ್ತು ಟೈಟಲ್ ನೋಡಿಕೊಳ್ಳುವ ಆಫೀಸು ಬೇರೆ. ನೀವು ಮೊದಲು ತಪ್ಪಾದ ಆಫೀಸಿಗೇ ಹೋಗುತ್ತೀರಿ. ಅಲ್ಲಿ ಒಂದು ಗಂಟೆ ನಿಂತ ಮೇಲೆ ಕಿಟಕಿಯ ಆಚೆಯಿಂದ ಒಬ್ಬರು ಮುಗುಳ್ನಕ್ಕು ಇನ್ನೊಂದರ ವಿಳಾಸ ಕೊಡುತ್ತಾರೆ. ಹದಿನಾಲ್ಕು ವರ್ಷದಿಂದ ಕೇರಿಯಲ್ಲಿರುವ ನಾನೇ ಎರಡು ಸಲ ಹೀಗೆ ಹೋಗಿದ್ದೇನೆ. ನಮ್ಮ ಊರಿನ ಹೆಸರೇ ಕೇರಿ. ಅಮ್ಮನಿಗೆ ಇವತ್ತಿಗೂ ಅದು ಯಾವ ಕೇರಿ ಅಂತ ಅನುಮಾನ.

ಟೈಟಲ್ ಅಂದರೆ ನಮ್ಮ ಆರ್‌ಸಿ ಬುಕ್ಕಿನ ದೊಡ್ಡಣ್ಣ. ಮುಂದಿನ ಪುಟದಲ್ಲಿ ಮಾಲೀಕರ ಹೆಸರು, ಕಾರಿನ ಜಾತಕ. ಕಾರು ಮಾರುವಾಗ ಕೆಲಸವೆಲ್ಲ ಹಿಂದಿನ ಪುಟದ್ದು. ಅಲ್ಲಿ ಕೊಳ್ಳುವವರ ಹೆಸರು, ವಿಳಾಸ, ಓಡಿದ ಮೈಲಿ ಬರೆದು ಮಾರುವವರು ಸಹಿ ಹಾಕಬೇಕು. ಅದರ ಕೆಳಗೆ ‘ಇವರು ನನ್ನ ಮುಂದೆ ಖುದ್ದಾಗಿ ಬಂದು, ಸ್ವಇಚ್ಛೆಯಿಂದ ಸಹಿ ಹಾಕಿದ್ದೇವೆ ಅಂತ ಒಪ್ಪಿಕೊಂಡರು’ ಅಂತ ನೋಟರಿ ಬರೆದು, ಸೀಲು ಒತ್ತಬೇಕು. ಎಲ್ಲಿಯಾದರೂ ಗೀಚಿದಿರೋ, ತಿದ್ದಿದಿರೋ, ಕಾಗದ ಕೆಟ್ಟಿತು. ಹೊಸ ಟೈಟಲ್‌ಗೆ ಅರ್ಜಿ ಹಾಕಿ, ಬರುವ ತನಕ ಕಾಯಬೇಕು. ತಿಪಟೂರಿನಲ್ಲಿ ಅಪ್ಪ ಸ್ಕೂಟರ್ ಮಾರಿದಾಗ ಫಾರಂ 29, ಫಾರಂ 30ರಲ್ಲಿ ಬ್ರೋಕರ್ ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿ, ಕಾಫಿ ಕುಡಿದು ಮನೆಗೆ ಬಂದಿದ್ದರು. ಆ ಬ್ರೋಕರನ ಬೆರಳಿನ ಬೆಲೆ ನನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು.

ನಾನು ನೋಟರಿ ಆದದ್ದು ಸಿಟ್ಟಿಗೆ. ನಾಲ್ಕು ವರ್ಷದ ಹಿಂದೆ ನಮ್ಮ ಹಳೆಯ ಕ್ಯಾಮ್ರಿ ಮಾರಿದೆವು. ಕೊಳ್ಳುವ ಹುಡುಗ ದುಡ್ಡು ಹಿಡಿದು ಬಂದೇ ನಿಂತಿದ್ದ, ನಮ್ಮ ಸಹಿಗೆ ನೋಟರಿ ಸಿಗಬೇಕಿತ್ತು ಅಷ್ಟೆ. ಮೊದಲ ಬ್ಯಾಂಕಿನಲ್ಲಿ ನೋಟರಿ ಊಟಕ್ಕೆ ಹೋಗಿದ್ದಳು. ಎರಡನೆಯದರಲ್ಲಿ ‘ನಮ್ಮಲ್ಲಿ ಖಾತೆ ಇದೆಯಾ’ ಅಂದರು, ಇರಲಿಲ್ಲ. ಮೂರನೆಯದರಲ್ಲಿ ಖಾತೆಯೂ ಇತ್ತು, ನೋಟರಿಯೂ ಇದ್ದಳು, ಆದರೆ ಕಾರಿನ ಟೈಟಲ್ ಮಾತ್ರ ಮಾಡಲ್ಲ ಅಂದಳು. ಅಷ್ಟು ಹೊತ್ತೂ ಆ ಹುಡುಗ ನಮ್ಮ ಹಿಂದಿನ ಸೀಟಿನಲ್ಲೇ ಕೂತಿದ್ದ. ಕೂತವನಿಗೆ ಬೇರೇನು ಕೆಲಸ? ಎಸಿ ಹಿಂದಕ್ಕೆ ಸರಿಯಾಗಿ ಬರಲ್ಲ, ಎಡಗಡೆ ಚಕ್ರ ಕೂಗುತ್ತೆ ಅಂತ ಒಂದೊಂದೇ ಕಂಡುಹಿಡಿದು, ಮೂರನೇ ಬ್ಯಾಂಕು ದಾಟುವಷ್ಟರಲ್ಲಿ ಇನ್ನೂರು ಡಾಲರ್ ಇಳಿಸಿದ್ದ.

ಇನ್ನೂರು ಡಾಲರ್! ‘ಇನ್ಮೇಲೆ ಒಂದು ಸೀಲಿಗೋಸ್ಕರ ಯಾರ ಮುಂದೂ ಕೈಚಾಚಲ್ಲ, ನಾನೇ ನೋಟರಿ ಆಗ್ತೀನಿ’ ಅಂತ ಆವತ್ತು ರಾತ್ರಿ ಚಪಾತಿ ಲಟ್ಟಿಸುತ್ತಾ ಶಪಥ ಮಾಡಿದೆ. ದ್ರೌಪದಿಗೆ ಮುಡಿ, ನನಗೆ ಲಟ್ಟಣಿಗೆ.

ನಮ್ಮಲ್ಲಿ ನೋಟರಿ ಆಗಬೇಕೆಂದರೆ ಕರಿಕೋಟು ಹಾಕಿ ವರ್ಷಗಟ್ಟಲೆ ವಕೀಲಿ ಮಾಡಿರಬೇಕು. ಇಲ್ಲಿ ಅಷ್ಟೇನಿಲ್ಲ. 18 ತುಂಬಿರಬೇಕು, ದೇಶದಲ್ಲಿ ಕಾನೂನು ಪ್ರಕಾರ ಇರಬೇಕು, ಹೈಸ್ಕೂಲು ಪಾಸಾಗಿರಬೇಕು, ಇಂಗ್ಲಿಷ್ ಓದಲು ಬರೆಯಲು ಬರಬೇಕು. ಕಮ್ಯುನಿಟಿ ಕಾಲೇಜಿನಲ್ಲಿ ಆರು ಗಂಟೆ ಪಾಠ, ಆಮೇಲೆ ಪರೀಕ್ಷೆ, ಅದರಲ್ಲಿ ನೂರಕ್ಕೆ 80 ಬರಬೇಕು. ಅರ್ಜಿಗೆ 50 ಡಾಲರ್. ನನ್ನ ಜೊತೆ ಕೂತಿದ್ದವರಲ್ಲಿ ಕೆಟ್ಟ ಕಾರು ಎಳೆದುಕೊಂಡು ಹೋಗುವ ಲಾರಿಯ ಒಡತಿ ಒಬ್ಬಳು, ಬ್ಯಾಂಕಿನ ಇಬ್ಬರು ಹುಡುಗರು, ಶವಸಂಸ್ಕಾರದ ವ್ಯಾಪಾರದ ಒಬ್ಬ ಸಂಭಾವಿತ. ಪಾಠ ಹೇಳಿದ ಅಜ್ಜಿ ಎಲ್ಲರನ್ನೂ ‘ಹನಿ’ ಅನ್ನುತ್ತಿದ್ದರು. ಆರು ಗಂಟೆಯಲ್ಲಿ ಅವರು ಹೇಳಿದ್ದು ಮುಖ್ಯವಾಗಿ ಒಂದೇ ಮಾತು: ಸಹಿ ಹಾಕುವ ಮನುಷ್ಯ ನಿಮ್ಮ ಕಣ್ಣ ಮುಂದೆ ಇರಬೇಕು. ಫೋನಿನಲ್ಲಲ್ಲ, ಹೊರಗೆ ಕಾರಿನಲ್ಲಿ ಕಾಯ್ತಾ ಅಲ್ಲ, ಮುಂದೆ. ಬರದೇ ಇದ್ದವರನ್ನು ಬಂದರು ಅಂತ ಬರೆದು ಸೀಲು ಒತ್ತಿದರೆ ಅದು ಕ್ರಿಮಿನಲ್ ಅಪರಾಧ.

ಐದನೇ ಗಂಟೆಯಲ್ಲಿ ನಾನು ಕೈ ಎತ್ತಿ ಕೇಳಿದೆ, ‘ನಮ್ಮ ಕಾರು ನಾವು ಮಾರುವಾಗ ನಮ್ಮ ಸಹಿಗೆ ನಾವೇ ಸೀಲು ಹಾಕ್ಕೋಬಹುದಲ್ವಾ?’

‘ಇಲ್ಲ ಹನಿ.’

‘ಗಂಡನ ಸಹಿಗೆ?’

‘ಟೈಟಲ್‌ನಲ್ಲಿ ನಿನ್ನ ಹೆಸರೂ ಇದೆಯಾ?’

ಇತ್ತು. ಎಲ್ಲ ಕಾರಿನಲ್ಲೂ ಇತ್ತು, ಒತ್ತಾಯ ಮಾಡಿ ಹಾಕಿಸಿದವಳೇ ನಾನು. ‘ಹಾಗಾದರೆ ಅದೂ ಇಲ್ಲ ಹನಿ’ ಅಂದರು ಅಜ್ಜಿ. ಯಾವ ಕಷ್ಟ ತಪ್ಪಲಿ ಅಂತ ಈ ವಿದ್ಯೆ ಕಲಿಯಲು ಬಂದಿದ್ದೆನೋ ಆ ಕಷ್ಟಕ್ಕೇ ಈ ವಿದ್ಯೆ ನಡೆಯಲ್ಲ. ಊರಿಗೆಲ್ಲ ಕ್ಷೌರ ಮಾಡುವವನು ತನ್ನ ತಲೆಗೆ ಇನ್ನೊಬ್ಬನ ಅಂಗಡಿಗೆ ಹೋದ ಹಾಗೆ. ಅಷ್ಟರಲ್ಲಿ ಕ್ಲಾಸಿನ ಫೀಸು ಕಟ್ಟಾಗಿತ್ತು. ಕಟ್ಟಿದ ಫೀಸು ಬಿಡುವುದು ನಮ್ಮ ಮನೆತನದಲ್ಲೇ ಇಲ್ಲ, ಪಾಸು ಮಾಡಿದೆ.

ಕಮಿಷನ್, ಅಂದರೆ ನೋಟರಿಯಾಗಿ ನೇಮಕ, ಬಂದ 45 ದಿನದೊಳಗೆ ರಾಲಿಯ ಕೌಂಟಿ ಕಚೇರಿಯಲ್ಲಿ 10 ಡಾಲರ್ ಕಟ್ಟಿ ಪ್ರಮಾಣ ಮಾಡಬೇಕು. ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಎರಡು ನಿಮಿಷದಲ್ಲಿ ಮುಗಿದು ಹೋಯಿತು. ಸೀರೆ ಉಡಲು ಹಿಡಿದದ್ದು ಇಪ್ಪತ್ತೈದು ನಿಮಿಷ.

ಆಮೇಲೆ ಸೀಲು. ಕಮಿಷನ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ಸೀಲಿನಲ್ಲಿರಬೇಕು, ಸಹಿಯೂ ಹಾಗೇ ಇರಬೇಕು. ನಾನು ಬುದ್ಧಿವಂತೆ, ಅರ್ಜಿಯಲ್ಲಿ ಪಾಸ್‌ಪೋರ್ಟಿನ ಹೆಸರನ್ನೇ ತುಂಬಿದ್ದೆ. ಊರಿನಲ್ಲಿ ನಾನು ಎಚ್.ಆರ್. ವರಮಹಾಲಕ್ಷ್ಮಿ, ಸ್ನೇಹಿತರಿಗೆ ವರ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬಿಡಿಸಿ ಬರೆಯಿರಿ ಅಂದಿದ್ದರಿಂದ ಹೊನ್ನವಳ್ಳಿ ರಂಗಪ್ಪ ವರಮಹಾಲಕ್ಷ್ಮಿ. ಇಂಗ್ಲಿಷಿನಲ್ಲಿ 33 ಅಕ್ಷರ. ಆಯತಾಕಾರದ ಸೀಲಿನ ಅಗಲ ಎರಡೂವರೆ ಇಂಚು, ಎತ್ತರ ಒಂದು ಇಂಚು ಮೀರುವಂತಿಲ್ಲ. ಅಷ್ಟರಲ್ಲೇ ನನ್ನ ಊರು, ನನ್ನಪ್ಪ, ನಾನು, ನೋಟರಿ ಪಬ್ಲಿಕ್, ವೇಕ್ ಕೌಂಟಿ, ನಾರ್ತ್ ಕ್ಯಾರೊಲೈನಾ ಎಲ್ಲರೂ ಹಿಡಿಯಬೇಕು, ಹಬ್ಬದ ಮುಂಚಿನ ಕೆಂಪು ಬಸ್ಸಿನ ಹಾಗೆ. ಸೀಲು ಮಾಡುವ ಅಂಗಡಿಯವನು ಫೋನ್ ಮಾಡಿ ತುಂಬಾ ಮರ್ಯಾದೆಯಿಂದ ಕೇಳಿದ, ‘ಮೇಡಂ, ಇದು ಒಬ್ಬರ ಹೆಸರೋ, ಮೂರು ಜನ ವಕೀಲರು ಸೇರಿ ಮಾಡಿರುವ ಕಂಪನಿಯೋ?’

ಊರಿನಲ್ಲಿ ಸುದ್ದಿ ಬೇರೆ ರೂಪ ತಾಳಿತ್ತು. ಅಪ್ಪನಿಗೆ ನೋಟರಿ ಅಂದರೆ ಕೋರ್ಟಿನ ಮುಂದೆ ಮರದ ಕೆಳಗೆ ಮೇಜು ಹಾಕಿಕೊಂಡು ಕೂತ ಕರಿಕೋಟಿನ ಮನುಷ್ಯ. ‘ಎಲ್‌ಎಲ್‌ಬಿ ಯಾವಾಗ ಮಾಡಿದ್ಯೇ? ಹೇಳ್ಲೇ ಇಲ್ಲ!’ ಅಂತ ಕಣ್ಣಲ್ಲಿ ನೀರು ತಂದುಕೊಂಡರು. ಆರು ಗಂಟೆಯ ಕೋರ್ಸು ಅಂತ ಹೇಳಲು ಬಾಯಿ ಬರಲಿಲ್ಲ. ಮರುವಾರ ಸೋದರಮಾವನ ಸೈಟಿನ ಕಾಗದ ವಾಟ್ಸಾಪಿನಲ್ಲಿ ಬಂತು, ‘ನೋಟರಿ ಮಾಡಿ ವಾಪಸ್ ಕಳಿಸು, ಅರ್ಜೆಂಟಿಲ್ಲ, ನಾಳೆ ಆದರೂ ಸರಿ’ ಅಂತ. ಮಾವ ಇರುವುದು ಅರಸೀಕೆರೆಯಲ್ಲಿ, ನನ್ನ ಸೀಲು ನಡೆಯುವುದು ನಾರ್ತ್ ಕ್ಯಾರೊಲೈನಾದ ಗಡಿಯೊಳಗೆ, ಅದೂ ಮಾವ ನನ್ನ ಮುಂದೆ ಬಂದು ನಿಂತರೆ ಅಂತ ವಿವರಿಸಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಅದೆಂಥಾ ನೋಟರೀನೇ?’ ಅಂದಳು. ಈ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ಇಲ್ಲಿಯ ನಮ್ಮ ಜನಕ್ಕೆ ಮಾತ್ರ ಬಹಳ ಅನುಕೂಲವಾಯಿತು. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಒಬ್ಬರಿಗೆ ಹೇಳಿದ್ದೇ ತಪ್ಪು. ಒಬ್ಬಟ್ಟಿನ ತನಕ ಬರುವಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ‘ವರಾ, ಮನೇಲಿದೀಯಾ? ಒಂದು ಸೀಲು ಅಷ್ಟೆ.’ ಈ ‘ಅಷ್ಟೆ’ ಅನ್ನುವ ಪದಕ್ಕೆ ನಾನು ಪ್ರತ್ಯೇಕ ಫೀಸು ಇಡಬೇಕಿತ್ತು. ಕಾನೂನು ಪ್ರಕಾರ ಒಂದು ಸಹಿಗೆ 10 ಡಾಲರ್ ತನಕ ತಗೊಳ್ಳಬಹುದು. ತಗೊಂಡಿದ್ದು ಎಷ್ಟು ಸಲ ಅಂತ ಕೇಳಬೇಡಿ. ಚಕ್ಕುಲಿ, ನಿಪ್ಪಟ್ಟು, ಕೋಸಂಬರಿ, ಒಂದು ಸಲ ಅರ್ಧ ಸೋರೆಕಾಯಿ ಕೂಡ ಬಂದಿದೆ. ಅರ್ಧ ಯಾಕೆ ಅಂದರೆ ಇನ್ನರ್ಧ ಅವರ ಮನೆಯಲ್ಲಿ ಪಲ್ಯವಾಗಿತ್ತಂತೆ.

ಬರುವವರಲ್ಲಿ ಅರ್ಧಕ್ಕರ್ಧ ಹೆಂಗಸರು ಗಂಡನ ಸಹಿ ಮನೆಯಲ್ಲೇ ಹಾಕಿಸಿಕೊಂಡು ಬರುತ್ತಾರೆ. ‘ಅವರೇ ಹಾಕಿದ್ದು ಕಣೇ, ನಾನು ಪಕ್ಕದಲ್ಲೇ ನಿಂತಿದ್ದೆ.’ ನೀನು ನಿಂತಿದ್ದರೆ ಸಾಲದು ತಾಯಿ, ಅವರೇ ನನ್ನ ಮುಂದೆ ಬಂದು ನಿಲ್ಲಬೇಕು. ‘ಅವರು ಬೆಂಗಳೂರಿಗೆ ಹೋಗಿದಾರೆ, ವಿಡಿಯೋ ಕಾಲ್ ಮಾಡ್ಲಾ?’ ಬೇಡ. ‘ನೀನು ನನ್ನ ನಂಬಲ್ವಾ?’ ಇಲ್ಲಿಗೆ ಬಂದು ನಿಂತಿತು. ನಂಬಿಕೆಗೂ ಇದಕ್ಕೂ ಸಂಬಂಧವಿಲ್ಲ ಅಂತ ಹೇಳಿ ಹೇಳಿ ಎರಡು ಮನೆಯ ಗೌರಿಹಬ್ಬದ ಕರೆ ಕಳೆದುಕೊಂಡಿದ್ದೇನೆ. ಸೀಲು ನನ್ನ ಸುಪರ್ದಿಯಲ್ಲೇ ಇರಬೇಕು, ಬೇರೆಯವರ ಕೈಗೆ ಸಿಗಬಾರದು ಅಂತ ನಿಯಮ ಬೇರೆ. ಒಂದು ದಿನ ನನ್ನ ಮಗ ಅದನ್ನು ಹುಡುಕಿ ತೆಗೆದು ತಾನು ಬರೆದ ಡೈನೋಸಾರ್ ಚಿತ್ರದ ಹೊಟ್ಟೆಯ ಮೇಲೆ ಒತ್ತಿಕೊಂಡಿದ್ದ. ಅವತ್ತಿನಿಂದ ಅದರ ವಾಸ ಮೇಲಿನ ಕಪಾಟಿನಲ್ಲಿ, ಸಾರಿನ ಪುಡಿ ಡಬ್ಬಿಯ ಹಿಂದೆ, ಬೀಗದೊಳಗೆ. ನಮ್ಮ ಊರಿನ ಹಲವು ಕಾರುಗಳ ಟೈಟಲ್ ಮೂಸಿ ನೋಡಿದರೆ ಸ್ವಲ್ಪ ಇಂಗಿನ ವಾಸನೆ ಬರಬಹುದು.

ಇವರೆಲ್ಲ ಇರಲಿ. ಇವರೆಲ್ಲರ ಲೆಕ್ಕ ಒಂದು ಕಡೆ, ಕೊರೊಲ್ಲಾ ರಾಯರ ಲೆಕ್ಕ ಒಂದು ಕಡೆ.

ರಾಯರ ನಿಜವಾದ ಹೆಸರು ಬೇಡ. ಮಗನ ಮನೆಯಲ್ಲಿದ್ದಾರೆ. ಮನೆಯಲ್ಲಿ ಎಷ್ಟು ಜನವೋ ಅಷ್ಟು ಕೊರೊಲ್ಲಾ. ಬೇರೆ ಕಾರು ಕಾರೇ ಅಲ್ಲ ಅನ್ನುವುದು ಅವರ ಸಿದ್ಧಾಂತ. ನಿವೃತ್ತ ಸರ್ಕಾರಿ ಅಧಿಕಾರಿ, ಅದರಲ್ಲೂ ಗೆಜೆಟೆಡ್. ಶರ್ಟಿನ ಜೇಬಿನಲ್ಲಿ ಇವತ್ತಿಗೂ ನಾಲ್ಕು ಪೆನ್ನು, ಅದರಲ್ಲೊಂದು ಹಸಿರು ಶಾಯಿಯದು. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಹಿಡಿದು ‘ಸಾರ್, ಒಂದು ಅಟೆಸ್ಟೇಷನ್’ ಅಂತ ಇಂಥವರ ಮನೆಯ ಗೇಟಿನ ಹತ್ತಿರ ನಿಂತ ನೆನಪು ನಮ್ಮ ವಯಸ್ಸಿನವರಿಗೆಲ್ಲ ಇದೆ. ಮೂವತ್ತೆರಡು ವರ್ಷ ಕಾಗದ ಮುಂದೆ ಬಂದ ಕೂಡಲೇ ಸಹಿ ಹಾಕಿದ ಕೈ ಅದು. ಓದುವುದು ಕೆಳಗಿನವರ ಕೆಲಸ, ಹಾಕುವುದು ತಮ್ಮ ಕೆಲಸ. ಎಲ್ಲಾದರೂ ಒಂದು ಗೆರೆ ಎಳೆದು ಅದರ ಮೇಲೆ ಜಾಗ ಖಾಲಿ ಬಿಟ್ಟಿದ್ದರೆ ರಾಯರ ಕೈ ಅಲ್ಲಿಗೆ ತಾನಾಗಿ ಹೋಗುತ್ತದೆ, ಬಸವನಿಗೆ ಹಸಿರು ಕಂಡ ಹಾಗೆ.

ಅವರು ಮಾರಲು ಹೊರಟದ್ದು 2009ರ ಕೊರೊಲ್ಲಾ, ಒಂದೇ ಒಂದು. ಅದಕ್ಕೆ ನಾಲ್ಕು ಭೇಟಿ ಆಯಿತು.

ಮೊದಲನೆಯದು ಭಾನುವಾರ ಬೆಳಿಗ್ಗೆ. ನಾನು ದೋಸೆ ಹುಯ್ಯುತ್ತಿದ್ದೆ. ‘ಬಂದೆ ಅಂಕಲ್, ಒಂದು ನಿಮಿಷ, ಏನೂ ಬರೀಬೇಡಿ’ ಅಂತ ಅಡಿಗೆಮನೆಯಿಂದಲೇ ಕೂಗಿದೆ. ದೋಸೆ ಮಗುಚಿ ಬಂದು ನೋಡಿದರೆ ಕೊಳ್ಳುವವರ ಹೆಸರಿರಬೇಕಾದ ಜಾಗದಲ್ಲಿ ರಾಯರ ಸಹಿ ಹಸಿರಾಗಿ ನಳನಳಿಸುತ್ತಿತ್ತು. ಅಂದರೆ ಕಾಗದದ ಪ್ರಕಾರ ರಾಯರು ತಮ್ಮ ಕಾರನ್ನು ತಮಗೇ ಮಾರಿಕೊಂಡಿದ್ದರು.

‘ಅಂಕಲ್, ಇಲ್ಲಿ ಯಾಕೆ ಹಾಕಿದ್ರಿ?’

‘ಖಾಲಿ ಇತ್ತಲ್ಲಮ್ಮಾ.’

ಹೊಸ ಟೈಟಲ್‌ಗೆ ಅರ್ಜಿ. ಅದು ಬಂದ ಮೇಲೆ ಎರಡನೇ ಭೇಟಿ. ಈ ಸಲ ರಾಯರು ಎಚ್ಚರ ವಹಿಸಿದ್ದರು. ತಪ್ಪಾಗಬಾರದು ಅಂತ ಮನೆಯಲ್ಲೇ ನಿಧಾನವಾಗಿ ಕೂತು, ಸರಿಯಾದ ಜಾಗ ಹುಡುಕಿ, ಸಹಿ ಹಾಕಿಯೇ ತಂದಿದ್ದರು. ಕೊಳ್ಳುವವರ ಹೆಸರಿನ ಜಾಗ ಖಾಲಿ. ‘ಅದನ್ನ ಅವರು ಆಮೇಲೆ ಬರ್ಕೋತಾರೆ, ನೀನು ಸೀಲು ಹಾಕಮ್ಮ.’ ಹಾಗೆ ಹೆಸರು ಖಾಲಿ ಬಿಟ್ಟ ಟೈಟಲ್ ಕೊಡುವುದೂ ಇಲ್ಲಿ ಅಪರಾಧ, ತಗೊಳ್ಳುವುದೂ ಅಪರಾಧ, ಸಹಿಯನ್ನು ನನ್ನ ಮುಂದೆಯೇ ಹಾಕಿಸಿಕೊಳ್ಳುವುದು ನನ್ನ ಪದ್ಧತಿ ಅಂತ ಸಮಾಧಾನವಾಗಿ ಹೇಳಿದೆ. ‘ಅಷ್ಟೇ ತಾನೆ, ನಿನ್ನ ಮುಂದೆನೇ ಹಾಕೋಣ’ ಅಂದವರೇ ಪ್ಯಾಂಟಿನ ಜೇಬಿಗೆ ಕೈ ಹಾಕಿ ಏನೋ ತೆಗೆದರು. ವೈಟ್ನರ್! ಪ್ಯಾಂಟಿನ ಜೇಬಿನಲ್ಲಿ ವೈಟ್ನರ್ ಬಾಟಲಿ ಇಟ್ಟುಕೊಂಡು ಓಡಾಡುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ‘ಅಯ್ಯೋ’ ಅನ್ನುವಷ್ಟರಲ್ಲಿ ಸಹಿಯ ಮೇಲೆ ಸುಣ್ಣ ಬಳಿದು, ಬೇಗ ಒಣಗಲಿ ಅಂತ ಬಗ್ಗಿ ಉಫ್ ಉಫ್ ಅಂತ ಊದುತ್ತಿದ್ದರು.

ಮತ್ತೆ ಅರ್ಜಿ.

ಮೂರನೇ ಭೇಟಿಗೆ ನಾನೂ ತಯಾರಾಗಿದ್ದೆ. ಚಪ್ಪಲಿ ಬಿಡುವ ಜಾಗದಲ್ಲೇ ನಾಲ್ಕೂ ಪೆನ್ನು ಇಸಿದುಕೊಂಡೆ. ವೈಟ್ನರನ್ನೂ. ಕೊಳ್ಳುವ ಹುಡುಗನನ್ನು ಪಕ್ಕದಲ್ಲಿ ಕೂರಿಸಿ ಅವನ ಹೆಸರು, ವಿಳಾಸ ಬರೆಸಿದೆ. ಸಹಿಯ ಜಾಗಕ್ಕೆ ಹಳದಿ ಚೀಟಿ ಅಂಟಿಸಿ ಬಾಣ ಬರೆದೆ. ಮೈಲಿಯ ವಿಷಯಕ್ಕೆ ಸ್ವಲ್ಪ ವಾದವಾಯಿತು. 2010 ಮತ್ತು ಅದಕ್ಕಿಂತ ಹಳೆಯ ಮಾಡೆಲ್ಲುಗಳಿಗೆ ಫೆಡರಲ್ ನಿಯಮದ ಪ್ರಕಾರ ಓಡೋಮೀಟರ್ ಘೋಷಣೆಯಿಂದ ವಿನಾಯಿತಿ ಇದೆ, ಆದರೆ ರಾಯರಿಗೆ ವಿನಾಯಿತಿ ಅಂದರೆ ಅವಮಾನ. ಎದ್ದು ಹೋಗಿ, ಕಾರಿನಲ್ಲಿ ಕೂತು, ನೋಡಿಕೊಂಡು ಬಂದು, ಕೊನೆಯ ಅಂಕಿಯ ತನಕ ಒಪ್ಪಿಸಿದರು. ಆಮೇಲೆ ನನ್ನ ಕಪ್ಪು ಪೆನ್ನಿನಲ್ಲಿ, ನನ್ನ ಕಣ್ಣೆದುರಿನಲ್ಲಿ, ಬಾಣದ ತುದಿಗೆ ಸರಿಯಾಗಿ ಸಹಿ ಹಾಕಿದರು. ನನಗೆ ಕುಣಿಯುವಂತಾಯಿತು. ಪೆನ್ನು ವಾಪಸ್ ಇಸಿದುಕೊಂಡು, ಸೀಲು ತರಲು ಕಪಾಟಿನ ಹತ್ತಿರ ಹೋದೆ. ಬೀಗ ತೆಗೆದು, ಸಾರಿನ ಪುಡಿ ಸರಿಸಿ, ವಾಪಸ್ ಬರಲು ಎಷ್ಟು ಹೊತ್ತು? ಅರ್ಧ ನಿಮಿಷ?

ನೋಟರಿಯ ಗೆರೆಯ ಮೇಲೆ, ಅಂದರೆ ನನ್ನ ಗೆರೆಯ ಮೇಲೆ, ಹಸಿರು ಶಾಯಿಯಲ್ಲಿ ರಾಯರ ಸಹಿ. ಅದರ ಕೆಳಗೆ ಮುದ್ದಾದ ಅಕ್ಷರದಲ್ಲಿ ‘ಅಟೆಸ್ಟೆಡ್’. ಅದರ ಕೆಳಗೆ ತಾರೀಕು.

ಐದನೇ ಪೆನ್ನು ಸ್ವೆಟರಿನ ಒಳಗಿತ್ತು.

‘ನಿನಗೆ ಯಾಕೆ ತೊಂದರೆ ಅಂತ ನಾನೇ ಹಾಕಿದೆ ಮಗು’ ಅಂದರು ರಾಯರು. ‘ಮೂವತ್ತೆರಡು ವರ್ಷ ಇದೇ ಕೆಲಸ ಮಾಡಿದೀನಿ. ಒಂದು ಕಾಗದ ವಾಪಸ್ ಬಂದಿಲ್ಲ.’

ಕೊಳ್ಳುವ ಹುಡುಗ ಆ ಕಡೆ ತಿರುಗಿ ಗೋಡೆಯ ಮೇಲಿದ್ದ ನಮ್ಮ ಮದುವೆಯ ಫೋಟೋ ನೋಡಲು ಶುರುಮಾಡಿದ. ನನಗೆ ಸಿಟ್ಟು ಬಂತು, ನಿಜವಾಗಿಯೂ ಬಂತು. ಆದರೆ ಬೈಯುವುದು ಹೇಗೆ? ಅವರ ಪ್ರಕಾರ ಅವರು ಉಪಕಾರ ಮಾಡಿದ್ದರು. ತಮ್ಮದೇ ಸಹಿಗೆ ತಾವೇ ಅಟೆಸ್ಟ್ ಮಾಡಿಕೊಳ್ಳುವಂತಿಲ್ಲ ಅಂದರೆ, ‘ನನ್ನ ಸಹಿ ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ?’ ಅಂತ ಕೇಳಿದರು. ಐದನೇ ಗಂಟೆಯಲ್ಲಿ ನಾನು ಅಜ್ಜಿಯನ್ನು ಕೇಳಿದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆ, ಅದಕ್ಕೇ ಬಾಯಿ ಮುಚ್ಚಿಕೊಂಡೆ.

ನಾಲ್ಕನೇ ಭೇಟಿಗೆ ಅವರ ಹೆಂಡತಿಯೂ ಬಂದಿದ್ದರು. ಸಹಿ ಹಾಕಿದ ಕೂಡಲೇ ಗಂಡನ ಬಲಗೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತರು, ಧಾರೆಯ ಹೊತ್ತಿನಲ್ಲಿ ಹಿಡಿದ ಹಾಗೆ. ನಾನು 33 ಅಕ್ಷರ ಬರೆದು ಮುಗಿಸುವ ತನಕ ಆಕೆ ಬಿಡಲಿಲ್ಲ. ಸೀಲು ಬಿತ್ತು. ಹತ್ತು ಡಾಲರ್ ಕೇಳಲೋ ಬೇಡವೋ ಅಂತ ನೋಡುತ್ತಿದ್ದೆ. ರಾಯರು ಎದ್ದು ನಿಂತು, ಕೋಡುಬಳೆ ಡಬ್ಬಿ ಮೇಜಿನ ಮೇಲಿಟ್ಟು, ‘ನಮ್ಮ ಕಾಲದಲ್ಲಿ ಅಟೆಸ್ಟ್ ಮಾಡೋಕೆ ದುಡ್ಡು ಅಂತ ಇರ್ಲಿಲ್ಲಮ್ಮ’ ಅಂದು ಹೊರಟರು. ಡಬ್ಬಿ ಮಾತ್ರ ವಾಪಸ್ ಬೇಕಂತೆ.

ಎಲ್ಲ ಸಹಿಯೂ ಹೀಗೆ ನಗುವಂಥದ್ದಲ್ಲ.

ಕಳೆದ ಮಾರ್ಚಿನಲ್ಲಿ, ಪೈನ್ ಮರದ ಪರಾಗ ಬಿದ್ದು ಊರಿನ ಕಾರೆಲ್ಲ ಅರಿಶಿನ ಬಳಿದುಕೊಂಡಂತಿದ್ದ ವಾರ, ನಮ್ಮ ಕಡೆಯ ಒಂದು ಗಂಡ ಹೆಂಡತಿ ಮಿನಿವ್ಯಾನ್ ಮಾರಲು ಬಂದರು. ಕೆಲಸ ಹೋಗಿತ್ತು. ಎಚ್-1ಬಿ ವೀಸಾ ಮೇಲಿದ್ದವರಿಗೆ ಕೆಲಸ ಹೋದ ಮೇಲೆ ಈ ದೇಶದಲ್ಲಿರಲು ಸಿಗುವುದು ಹೆಚ್ಚೆಂದರೆ 60 ದಿನ, ಅದರಲ್ಲಿ ಹನ್ನೊಂದು ಉಳಿದಿತ್ತು. ಕೊಳ್ಳುವವನು ಡ್ರೈವ್‌ವೇಯಲ್ಲಿ ಚಕ್ರ ಒದ್ದು ನೋಡುತ್ತಿದ್ದ. ಹಿಂದಿನ ಸೀಟಿನ ಸಂದಿಯಲ್ಲಿ ಇನ್ನೂ ಚುರುಮುರಿ ಇತ್ತು. ಸಹಿಗೆ ಮುಂಚೆ ನಾನು ಯಾವಾಗಲೂ ಬಾಯಿಬಿಟ್ಟು ಕೇಳುತ್ತೇನೆ, ಅಜ್ಜಿ ಹೇಳಿಕೊಟ್ಟ ಪದ್ಧತಿ. ‘ನಿಮ್ಮ ಸ್ವಂತ ಇಚ್ಛೆಯಿಂದ ಸಹಿ ಹಾಕ್ತಿದ್ದೀರಾ?’ ನೂರಾರು ಸಲ ಕೇಳಿ ಕೇಳಿ ಅದು ನನಗೆ ‘ಕಾಫಿಗೆ ಸಕ್ಕರೆ ಎಷ್ಟು’ ಅನ್ನುವ ಹಾಗಾಗಿದೆ. ಆ ಹುಡುಗ ಹೆಂಡತಿಯ ಮುಖ ನೋಡಿದ. ಅವಳು ಕಿಟಕಿಯಾಚೆ ವ್ಯಾನಿನ ಕಡೆ ನೋಡುತ್ತಿದ್ದಳು.

‘ಇಚ್ಛೆ ಅಂತ ಬರ್ಕೊಳ್ಳಿ ಅಕ್ಕಾ’ ಅಂದ.

ಬರೆದುಕೊಂಡೆ. ಇಲ್ಲಿ ನಂಬರ್ ಪ್ಲೇಟು ಕಾರಿನ ಜೊತೆ ಹೋಗಲ್ಲ, ಮಾರುವವರೇ ಬಿಚ್ಚಿಕೊಂಡು ಡಿಎಂವಿಗೆ ಒಪ್ಪಿಸಿ, ಆಮೇಲೆ ಇನ್ಶೂರೆನ್ಸ್ ನಿಲ್ಲಿಸಬೇಕು. ನಮ್ಮವರ ಸ್ಕ್ರೂಡ್ರೈವರ್ ಕೊಟ್ಟೆವು. ಬಿಚ್ಚಿದ ಪ್ಲೇಟಿನ ಮೇಲಿನ ಹಳದಿ ಪುಡಿಯನ್ನು ತೋಳಿನಲ್ಲಿ ಒರೆಸಿದ. 1903ರಲ್ಲಿ ರೈಟ್ ಸಹೋದರರು ವಿಮಾನ ಹಾರಿಸಿದ್ದು ಈ ರಾಜ್ಯದಲ್ಲಿ ಅಂತ ಪ್ಲೇಟಿನ ಮೇಲೆ ‘ಫಸ್ಟ್ ಇನ್ ಫ್ಲೈಟ್’ ಅಂತ ಬರೆದಿರುತ್ತದೆ. ಅದನ್ನೇ ಸ್ವಲ್ಪ ಹೊತ್ತು ನೋಡಿ, ‘ನಮ್ಮ ಫ್ಲೈಟು 23ಕ್ಕೆ’ ಅಂದ. ಮಗುವಿನ ಕಾರ್ ಸೀಟನ್ನು ನಮಗೇ ಬಿಟ್ಟು ಹೋದರು, ಯಾರಿಗಾದರೂ ಕೊಡಿ ಅಂತ. ಇನ್ನೂ ಗ್ಯಾರೇಜಿನಲ್ಲೇ ಇದೆ.

ಸರಿ, ಪರದೆ ಈಗ 66. ನನ್ನ ಕಥೆ ಹೇಳಿಬಿಡುತ್ತೇನೆ.

ಮೊನ್ನೆ ನಮ್ಮ 2012ರ ಆಡಿಸ್ಸಿಗೆ ಗಿರಾಕಿ ಸಿಕ್ಕಿದ. ಟೈಟಲ್ ನಮ್ಮಿಬ್ಬರ ಹೆಸರಿನಲ್ಲಿ. ಅಂದರೆ ಮನೆಯಲ್ಲೇ ನೋಟರಿ ಇಟ್ಟುಕೊಂಡು ನೋಟರಿ ಹುಡುಕಿಕೊಂಡು ಹೊರಡಬೇಕು. ಬ್ಯಾಂಕಿನ ಸಹವಾಸ ಬೇಡ ಅಂತ ಬೆಳಿಗ್ಗೆ ನೇರ ಇಲ್ಲಿಗೇ ಬಂದೆವು. ಆಗ ನಮ್ಮ ನಂಬರು 31, ಬೇಗ ಬಂತು. ಕೌಂಟರಿನ ಹೆಂಗಸು ಬಹಳ ಒಳ್ಳೆಯವಳು. ಗುರುತಿನ ಚೀಟಿ ನೋಡಿದಳು, ಕೊಳ್ಳುವವರ ಹೆಸರು, ಮೈಲಿ ಎಲ್ಲ ಸರಿಯಿದೆ ಅಂದಳು. ನಮ್ಮವರು ಮೊದಲು ಸಹಿ ಹಾಕಿದರು, ಸರಿಯಾದ ಜಾಗದಲ್ಲಿ. ಈ ಮನುಷ್ಯ ಕೊತ್ತಂಬರಿ ತಾ ಅಂದರೆ ಪುದೀನ ತರುವವರು, ಅವರೇ ಸರಿಯಾಗಿ ಹಾಕಿದರು. ಆಮೇಲೆ ಪೆನ್ನು ನನ್ನ ಕೈಗೆ ಬಂತು.

ಆಡಿಸ್ಸಿಯ ಹಿಂದಿನ ಬಾಗಿಲಿನ ತೂಕ, ಮಗನನ್ನು ಮೊದಲ ದಿನ ಸ್ಕೂಲಿಗೆ ಬಿಟ್ಟದ್ದು, ಏನೇನೋ ತಲೆಯಲ್ಲಿ ಓಡುತ್ತಿತ್ತು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಮೇಲಿನ ಗೆರೆ ದಾಟಿ ಕೆಳಗಿಳಿಯಿತು. ಹೊನ್ನವಳ್ಳಿ, ರಂಗಪ್ಪ, ವರಮಹಾಲಕ್ಷ್ಮಿ. ಅದರ ಕೆಳಗೆ ಅದೇ ಹೆಸರು ದಪ್ಪ ಅಕ್ಷರದಲ್ಲಿ. ಅದರ ಪಕ್ಕ ನನ್ನ ಕಮಿಷನ್ ಮುಗಿಯುವ ತಾರೀಕು. ಎಡಗೈ ಚೀಲದೊಳಗೆ ಸೀಲು ಹುಡುಕುತ್ತಿದ್ದಾಗ ಕೌಂಟರಿನಾಚೆ ಉಸಿರು ಎಳೆದುಕೊಂಡ ಸದ್ದಾಯಿತು.

‘ಹನಿ,’ ಅಂದಳು ಆಕೆ, ‘ಆ ಗೆರೆ ನನ್ನದು.’

ಹೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು. ‘ಖಾಲಿ ಇತ್ತಲ್ಲ!’ ಅಂದೆ. ಇಂಗ್ಲಿಷಿನಲ್ಲೇ ಅಂದೆ, ಆದರೆ ನಮ್ಮವರಿಗೆ ಅದು ಕನ್ನಡದಲ್ಲೇ ಕೇಳಿಸಿರಬೇಕು, ರಾಯರ ಧ್ವನಿಯಲ್ಲೇ ಕೇಳಿಸಿರಬೇಕು. ಅವರು ತಕ್ಷಣ ಬಾಯಿಗೆ ಕರ್ಚೀಫು ಒತ್ತಿಕೊಂಡು ಹೊರಗೆ ಓಡಿದವರು ಇನ್ನೂ ಒಳಗೆ ಬಂದಿಲ್ಲ.

ನಕಲು ಟೈಟಲ್‌ಗೆ ಎಂವಿಆರ್-4 ಅಂತ ಫಾರಂ ಕೊಟ್ಟು, ತುಂಬಿಕೊಂಡು ಮತ್ತೆ ಸಾಲಿಗೆ ಬಾ ಅಂದಳು. ಆ ಫಾರಂ ನನಗೆ ಹೊಸದಲ್ಲ. ರಾಯರಿಗೆ ಮೂರು ಸಲ ತುಂಬಿಸಿದ್ದೇನೆ. ಈಗ ತಾನೆ ಅವರದ್ದೇ ಫೋನು ಬಂದಿತ್ತು, ತೆಗೆಯಲಿಲ್ಲ. ನಮ್ಮವರು ಅವರಿಗೆ ಹೇಳಿದ್ದರೆ ಈ ಮನೆಯಲ್ಲಿ ಇವತ್ತು ಊಟವಷ್ಟೇ ಅಲ್ಲ, ನಾಳೆ ಕಾಫಿಯೂ ಇಲ್ಲ.

72. ಕಾರಿನಿಂದ ಅವರನ್ನು ಕರೆಯಬೇಕು, ಸಹಿಗೆ ಅವರೂ ಮುಂದೆ ಇರಬೇಕಲ್ಲ. ಫಾರಂ ತುಂಬಿ ಆಯಿತು. ನಮ್ಮ ಸಹಿಯ ಜಾಗದ ಕೆಳಗೆ ನೋಟರಿಗೆ ಅಂತ ಒಂದು ಗೆರೆ ಖಾಲಿ ಇದೆ. ಪೆನ್ನಿಗೆ ಮುಚ್ಚಳ ಹಾಕಿ, ಚೀಲದ ತಳಕ್ಕೆ ತಳ್ಳಿ, ಚೀಲದ ಜಿಪ್ ಎಳೆದು, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದೇನೆ.